ಎಲ್ಲಿ ಕೂತು ಬಂದಿರಿ?

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ಆದರೆ ನಾನು ಮಾಡುತ್ತಿದ್ದ ಕೆಲಸ ನನಗಿಂತ ಮೊದಲೇ ಮುಗಿದುಹೋಯಿತು. ನಮ್ಮ ವಿಭಾಗವನ್ನು ಮುಚ್ಚಿದರು. ಬೇರೆ ಕೆಲಸ ಹುಡುಕುವ ಮನಸ್ಸು ನನಗೆ ಉಳಿಯಲಿಲ್ಲ. ಈಗ ಮಂಗಳೂರಿನ ಇನ್ನೊಂದು ಕಚೇರಿಯಲ್ಲಿ ಅಂಥದೇ ವಿಭಾಗ ತೆರೆಯುತ್ತಾರಂತೆ. ಅದಕ್ಕೆ ಆಯ್ಕೆಯಾದ ಇಬ್ಬರು ಹುಡುಗಿಯರಿಗೆ ಕೆಲಸ ಹೇಗಿರುತ್ತದೆ ಎಂದು ತಿಳಿಯಬೇಕಂತೆ. ಪರಿಚಿತರೊಬ್ಬರು ಹೇಳಿ ಕಳಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸಂಬಳ, ರಜೆ, ಬಡ್ತಿಗಳ ವಿಷಯ ಕಚೇರಿಯವರೇ ಹೇಳುತ್ತಾರೆ. ಅವರು ಹೇಳದೆ ಇರುವುದು ಇದು.

ನಾನು ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿದ ಹೊತ್ತಿಗೆ ಕೆಲವು ಸಗಟು ವ್ಯಾಪಾರಿಗಳು ಒಟ್ಟಾಗಿ ಬಂಟ್ವಾಳ ಪೇಟೆಯ ಒಂದು ತುದಿಯಲ್ಲಿ, ನಿಂತುಹೋಗಿದ್ದ ಹಂಚಿನ ಕಾರ್ಖಾನೆಯ ಕಟ್ಟಡದಲ್ಲಿ, ಒಂದು ದೊಡ್ಡ ಅಂಗಡಿ ತೆರೆದಿದ್ದರು. ಅಕ್ಕಿ, ಬಟ್ಟೆ, ಪಾತ್ರೆ, ಕೊಡೆ, ಸಾಬೂನು, ಲಾಟೀನು ಎಲ್ಲವೂ ಒಂದೇ ಹಂಚಿನ ಮಾಡಿನ ಅಡಿ. ಜನ ಅದನ್ನು ‘ಸ್ಟೋರು’ ಎಂದಷ್ಟೇ ಕರೆಯುತ್ತಿದ್ದರು. ವಿಟ್ಲದ ಕಡೆಯಿಂದ, ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಾಲಕರಿಗೆ ಅದನ್ನು ಜೋಡುಮಾರ್ಗಕ್ಕೆ, ದೊಡ್ಡ ರಸ್ತೆಯ ಬದಿಗೆ ಸಾಗಿಸಬೇಕೆಂದಿತ್ತು. ಪೇಟೆಯ ಸಣ್ಣ ವ್ಯಾಪಾರದವರು ಬೇಡವೆಂದರು. ಸ್ಟೋರಿಗೆ ಬರುವವರು ಬರುವಾಗಲೂ ಹೋಗುವಾಗಲೂ ನಮ್ಮಲ್ಲಿ ನಾಲ್ಕು ಕಾಸು ಬಿಟ್ಟು ಹೋಗುತ್ತಾರೆ, ಸ್ಟೋರು ಹೋದರೆ ನಾವೂ ಹೋದ ಹಾಗೆ ಎಂಬುದು ಅವರ ವಾದ. ಮಾಲಕರಲ್ಲಿ ಇಬ್ಬರು ಅದೇ ಪೇಟೆಯವರು. ಅವರ ಒತ್ತಾಯದಿಂದ ಒಂದು ತೀರ್ಮಾನಕ್ಕೆ ಬಂದರು: ವಿಚಾರಣೆ ಮಾಡಿಸೋಣ, ಪೇಟೆಯವರು ಹೇಳುವುದು ನಿಜವೆಂದು ಕಂಡರೆ ಸ್ಟೋರು ಇಲ್ಲಿಯೇ ಇರಲಿ.

ಅದಕ್ಕೆಂದೇ ಒಂದು ವಿಭಾಗ ತೆರೆದರು; ಆ ವಿಚಾರಣೆಯೇ ನನ್ನ ಕೆಲಸ. ಗಿರಾಕಿಗಳಲ್ಲಿ ಹೆಂಗಸರು ಹೆಚ್ಚು, ಅವರು ಗಂಡಸರಿಗೆ ಉತ್ತರ ಕೊಡುವುದಿಲ್ಲ ಎಂಬ ಕಾರಣಕ್ಕೆ ನನ್ನನ್ನು ತೆಗೆದುಕೊಂಡಿದ್ದರು.

ನಮ್ಮ ಮೇಲಧಿಕಾರಿ ಶೇಷಗಿರಿರಾಯರು ಮೈಸೂರಿನ ಕಡೆಯವರು. ಮದ್ರಾಸಿನಲ್ಲಿ ಓದಿದವರು, ಒಳ್ಳೆಯವರು, ಒಂದು ದಿನವೂ ನನ್ನ ಮೇಲೆ ಸ್ವರ ಎತ್ತಿದವರಲ್ಲ. ಅವರು ಪ್ರಶ್ನೆಗಳನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತರುತ್ತಿದ್ದರು. ಸ್ಟೋರಿನ ಬಾಗಿಲಲ್ಲಿ ನಿಂತು, ಹೊರಗೆ ಬರುವವರನ್ನು ನಾನು ಕೇಳಬೇಕಿದ್ದ ಪ್ರಶ್ನೆ ಹೀಗಿತ್ತು: “ಇಲ್ಲಿಗೆ ಬರುವ ಮೊದಲು ಬೇರೆ ಯಾವ ಅಂಗಡಿಯಲ್ಲಿ ಖರ್ಚು ಮಾಡಿದಿರಿ? ಇಲ್ಲಿಂದ ಹೊರಟು ಯಾವ ಅಂಗಡಿಯಲ್ಲಿ ಖರ್ಚು ಮಾಡುವಿರಿ?”

ಮೊದಲ ದಿನವೇ ಒಂದು ಎಡವಟ್ಟು ಆಯಿತು. ಸರ್ವೆಗೆ ಬಂದವಳು ಎಂದು ನಾನು ಹೇಳಿಕೊಂಡೆ. ನಮ್ಮಲ್ಲಿ ಸರ್ವೆ ಎಂದರೆ ಜಾಗ ಅಳೆಯುವುದು. ಮುದುಕರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈಗ ಹೆಂಗಸರನ್ನೂ ಕಳಿಸ್ತಾರಾ? ಅಳೆಯುವ ಚೈನು ಎಲ್ಲಿ ಮಾರಾಯ್ತಿ?” ಎಂದು ಕೇಳಿದರು. ಹಿಂದಿದ್ದವರು ತಮ್ಮ ಗದ್ದೆಯ ಬದುವಿನ ಬಗ್ಗೆ ಯಾರೋ ದೂರು ಕೊಟ್ಟಿದ್ದಾರೆಂದು ತಿಳಿದು ಅಲ್ಲಿಂದ ಮೆಲ್ಲಗೆ ಜಾರಿದರು. ಆಮೇಲೆ ನಾನು ಆ ಶಬ್ದವನ್ನು ಬಾಯಿಗೆ ತರಲಿಲ್ಲ.

ಮೂಡುಬಿದಿರೆಯಲ್ಲಿ ಸ್ಟೋರಿನ ಒಂದು ಸಣ್ಣ ಶಾಖೆ ಇತ್ತು. ಅಲ್ಲಿ ಜೈನರ ಮನೆಯ ಹಿರಿಯ ಅಮ್ಮನೊಬ್ಬರನ್ನು ಇದೇ ಪ್ರಶ್ನೆ ಕೇಳಿದೆ. ಬಸದಿಗೆ ಹೋಗಿ ಬಂದೆ ಎಂದರು. ಅಲ್ಲಿ ಏನಾದರೂ ಖರ್ಚಾಯಿತೇ ಎಂದೆ. “ದೇವರ ಎದುರು ಇಟ್ಟದ್ದನ್ನು ನೀವು ಖರ್ಚು ಹೇಳ್ತೀರಾ? ನಿಮ್ಮ ತಾಯಿ ಎಂತ ಕಲಿಸಿದ್ದು?” ಎಂದರು. ಉತ್ತರದ ಜಾಗದಲ್ಲಿ ‘ಇಲ್ಲ’ ಎಂದು ಬರೆದೆ. ಬರೆಯುವುದಕ್ಕೆ ಅಲ್ಲಿ ಬೇರೆ ಜಾಗವಿರಲಿಲ್ಲ.

ಬೆಳ್ತಂಗಡಿಯ ಬಸ್ ನಿಲ್ದಾಣದಲ್ಲಿ ಬಂಟ್ವಾಳದಿಂದ ಹಿಂದಿರುಗುವವರನ್ನು ಕೇಳುವ ಏರ್ಪಾಡೂ ಇತ್ತು. ಕಕ್ಕಿಂಜೆಯ ಗಂಡ ಹೆಂಡತಿ ಇಬ್ಬರು ಅಕ್ಕಿ, ಒಂದು ಕೊಡೆ, ಒಂದು ಅಲ್ಯುಮಿನಿಯಂ ಪಾತ್ರೆ ಹಿಡಿದುಕೊಂಡು ಇಳಿದರು. ಸ್ಟೋರಿನಿಂದ ನೆಟ್ಟಗೆ ಬಸ್ಸು ಹತ್ತಿದ್ದು, ಬೇರೆಲ್ಲಿಗೂ ಹೋಗಲಿಲ್ಲ ಎಂದು ಗಂಡ ಹೇಳಿದ. ಕಳ್ಳಿನ ವಾಸನೆ ನನ್ನವರೆಗೂ ಬರುತ್ತಿತ್ತು. “ಇವರು ಎಲ್ಲಿಗೂ ಹೋಗಲಿಲ್ಲ,” ಎಂದಳು ಹೆಂಡತಿ, ಪಾತ್ರೆಯನ್ನು ಸೊಂಟದಿಂದ ಸೊಂಟಕ್ಕೆ ಬದಲಿಸುತ್ತ. “ಗಡಂಗೇ ಎದ್ದು ಇವರ ಹತ್ತಿರ ಬಂದದ್ದು. ಹಾಗೆ ಬರೆದುಕೊಳ್ಳಿ.” ಗಂಡನಿಗೂ ನಗು ತಡೆಯಲಾಗಲಿಲ್ಲ. ಕಳ್ಳಿನಂಗಡಿಗೆ ಅಲ್ಲಿ ಗಡಂಗು ಎನ್ನುತ್ತಾರೆ. ಅದನ್ನೂ ಯಾರೂ ‘ಅಂಗಡಿ’ಯೊಳಗೆ ಸೇರಿಸುತ್ತಿರಲಿಲ್ಲ.

ಹೀಗೆ ನಕ್ಕು ಮರೆಯಬಹುದಾದದ್ದು ಸಾಕಷ್ಟಿತ್ತು. ಕಲ್ಯಾಣಿಯಕ್ಕನ ವಿಷಯ ಹಾಗಲ್ಲ.

ಬಂಟ್ವಾಳದಲ್ಲಿ ಬಸ್ಸು ನಿಲ್ಲುವಲ್ಲಿಂದ ಸ್ಟೋರಿಗೆ ಹೋಗುವ ಓಣಿಯಲ್ಲಿ ಅವರ ಬಾಡಿಗೆ ಮನೆ ಇತ್ತು. ಗಂಡ ತೀರಿಕೊಂಡಿದ್ದರು. ಮಗಳು ಸುಮತಿ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಮನೆಗೆ ಎರಡೂ ಬದಿಗೆ ಉದ್ದನೆಯ ಜಗಲಿ, ಅಂಗಳದಲ್ಲಿ ಬಾವಿ. ಬೆಳಗಿನ ಬಸ್ಸಿಗೆ ಬಂದ ಹೆಂಗಸರು ಸ್ಟೋರಿನ ಬಾಗಿಲು ತೆರೆಯುವವರೆಗೆ ಆ ಜಗಲಿಯಲ್ಲಿ ಇರುತ್ತಿದ್ದರು. ಕಾಲು ತೊಳೆಯುತ್ತಿದ್ದರು, ಮಗುವಿಗೆ ಹಾಲು ಕುಡಿಸುತ್ತಿದ್ದರು, ನಡೆದು ಬಂದು ಕೆಸರಾದ ಸೀರೆಯನ್ನು ಒಳಗೆ ಹೋಗಿ ಬದಲಿಸುತ್ತಿದ್ದರು. ಕಲ್ಯಾಣಿಯಕ್ಕ ಗಂಜಿಯೂ ಉಪ್ಪಿನಕಾಯಿಯೂ ಕೊಡುತ್ತಿದ್ದರು, ಬಿಸಿಲಿದ್ದರೆ ಮಜ್ಜಿಗೆ. ಸ್ಟೋರಿನಿಂದ ಹಿಂದೆ ಬಂದು ಮತ್ತೆ ಕೂರುತ್ತಿದ್ದರು. ಕೊಂಡದ್ದನ್ನೆಲ್ಲ ಬಿಚ್ಚಿ ಒಬ್ಬರಿಗೊಬ್ಬರು ತೋರಿಸಿ, ಅತ್ತೆ ನೋಡಬಾರದ ರಿಬ್ಬನನ್ನೋ ಬಳೆಯನ್ನೋ ಅಕ್ಕಿಯ ಚೀಲದ ತಳಕ್ಕೆ ಸೇರಿಸಿ ಕಟ್ಟುತ್ತಿದ್ದರು. ಹೊರಡುವಾಗ ಕಂಬದ ಬುಡದಲ್ಲಿದ್ದ ತೆಂಗಿನ ಗೆರಟೆಗೆ ಕೈಗೆ ಬಂದ ಕಾಸನ್ನು ಹಾಕುತ್ತಿದ್ದರು. ಇಷ್ಟೆಂದು ಯಾರೂ ಕೇಳುತ್ತಿರಲಿಲ್ಲ. ಹಾಕದವರ ಮುಖವನ್ನೂ ಯಾರೂ ನೋಡುತ್ತಿರಲಿಲ್ಲ. ಮನೆಯ ಬಾಡಿಗೆಯೂ ಸುಮತಿಯ ಓದೂ ಆ ಗೆರಟೆಯಿಂದಲೇ ನಡೆಯುತ್ತಿತ್ತು.

ಇದು ನನಗೆ ತಿಳಿದದ್ದು ಬಿಸಿಲಿನಿಂದಾಗಿ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಲ್ಲಲಾಗದೆ ಆ ಜಗಲಿಗೆ ಬಂದೆ. ಸ್ವಲ್ಪ ಮೊದಲು ‘ಬೇರೆ ಎಲ್ಲಿಯೂ ಇಲ್ಲ’ ಎಂದು ನನಗೆ ಉತ್ತರ ಕೊಟ್ಟು ಹೋಗಿದ್ದ ವಿಟ್ಲದ ಹೆಂಗಸು ಅಲ್ಲಿ ಗಂಜಿ ಉಣ್ಣುತ್ತಿದ್ದಳು. ನನ್ನ ಆಶ್ಚರ್ಯ ಮುಖದಲ್ಲಿ ಕಂಡಿರಬೇಕು.

“ನೀವು ಕೇಳಿದ್ದು ಅಂಗಡಿ ಅಲ್ಲವಾ?” ಎಂದಳು ಅವಳು. “ಇದು ಅಂಗಡಿಯಾ? ಇದು ಸ್ವಲ್ಪ ಕೂತದ್ದು.”

“ಅಲ್ಲ, ಆ ಪುಣ್ಯಾತ್ಗಿತ್ತಿಯನ್ನೂ ಕೂರಲಿಕ್ಕೆ ಬಿಡು,” ಎಂದು ಒಳಗಿನಿಂದ ಕಲ್ಯಾಣಿಯಕ್ಕ ಹೇಳಿದರು. “ಬೆಳಗ್ಗಿನಿಂದ ಬಾಗಿಲಲ್ಲಿ ಗೂರ್ಖನ ಹಾಗೆ ನಿಂತಿದ್ದಾರೆ.”

ಆ ದಿನದಿಂದ ನನಗೆ ಅಲ್ಲಿ ‘ಟೀಚರ್’ ಎಂದು ಹೆಸರಾಯಿತು. ಓದಿದ ಹೆಂಗಸನ್ನು ಕರೆಯಲು ಅವರಿಗೆ ಬೇರೆ ಶಬ್ದ ಗೊತ್ತಿರಲಿಲ್ಲ. ಸುಮತಿಯನ್ನೂ ಟೀಚರ್ ಮಾಡಬೇಕೆಂದಿತ್ತು ಅವರಿಗೆ. ಅವಳ ಅಕ್ಷರ ತೋರಿಸಿದರು; ನಿಜವಾಗಿಯೂ ಮುತ್ತಿನಂಥ ಅಕ್ಷರ. ಸ್ಟೋರು ಇಲ್ಲಿಂದ ಹೋಗುತ್ತದೆ ಎನ್ನುವುದು ಹೌದಾ ಎಂದು ಮಗಳು ಎದ್ದುಹೋದ ಮೇಲೆ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. “ಹೋದರೆ ಇವಳ ಶಾಲೆ ನಿಲ್ತದೆ. ಬೇರೆಂತ ಉಂಟು ನನ್ನ ಕೈಯಲ್ಲಿ?” ಎಂದರು, ಯಾರದೋ ಮನೆಯ ವಿಷಯದಂತೆ.

ನಾನು ಪ್ರಶ್ನೆಯನ್ನು ಬದಲಿಸಿದೆ. ‘ಅಂಗಡಿ’ಯನ್ನೂ ‘ಖರ್ಚು’ ಎಂಬುದನ್ನೂ ಬಿಟ್ಟು, “ಎಲ್ಲಿ ಕೂತು ಬಂದಿರಿ? ಇನ್ನು ಎಲ್ಲಿ ಕೂತು ಹೋಗ್ತೀರಿ?” ಎಂದು ಕೇಳತೊಡಗಿದೆ. ಅದೇ ಜನ, ಅದೇ ಬಾಗಿಲು. ಉತ್ತರಗಳು ಬೇರೆಯಾದವು. ಕಲ್ಯಾಣಿಯಕ್ಕನಲ್ಲಿ ಕೂತೆವು, ಬಳೆಗಾರರಲ್ಲಿ ಕೂತೆವು, ಟೈಲರ್ ಬಾಬಣ್ಣನ ಬೆಂಚಿನಲ್ಲಿ ಕೂತು ರವಿಕೆಗೆ ಅಳತೆ ಕೊಟ್ಟೆವು, ಒಣಮೀನಿನ ಬ್ಯಾರಿಯವರ ಹತ್ತಿರ ಮಾತಾಡುತ್ತ ಕೂತು ಎರಡು ಬಂಗುಡೆ ತೆಗೆದುಕೊಂಡೆವು. ಕೂತಲ್ಲೆಲ್ಲ ಏನಾದರೂ ಬಿಟ್ಟು ಬಂದಿದ್ದರು. ಪೇಟೆಯವರು ಹೇಳಿದ್ದು ಸರಿಯಾಗಿತ್ತು. ಹೆಂಗಸರು ನಿಂತು ಕೊಡುವುದಿಲ್ಲ, ಕೂತು ಕೊಡುತ್ತಾರೆ. ಅವರಿಗೆ ಅದು ಖರ್ಚಲ್ಲ.

ಅತ್ತೆ ಜೊತೆಗಿದ್ದರೆ ಸೊಸೆಯನ್ನು ಕೇಳಬಾರದು. ಬಳೆ ಕೈಯಲ್ಲಿ ಇಲ್ಲದಿದ್ದರೂ ಚೀಲದಲ್ಲಿ ಇರಬಹುದು. ಬಸ್ಸಿನ ಹಾರ್ನು ಕೇಳಿದ ಮೇಲೆ ಹೇಳುವ ಉತ್ತರ ಉತ್ತರವಲ್ಲ. ಇವನ್ನೆಲ್ಲ ಆ ತಿಂಗಳುಗಳಲ್ಲಿ ಕಲಿತೆ. ಬಹಳ ಉತ್ಸಾಹದಿಂದ ರಾಯರಿಗೆ ಎಲ್ಲವನ್ನೂ ವಿವರಿಸಿದೆ.

ರಾಯರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

“ಕೂತ್ಕೊಳ್ಳೋದು ಖರ್ಚಲ್ಲಮ್ಮ.”

“ಕೂತಲ್ಲಿ ದುಡ್ಡು ಕೊಡುತ್ತಾರೆ ಸರ್.”

“ಎಷ್ಟು ಅಂತ ಅವರಿಗೇ ಗೊತ್ತಿಲ್ಲ ಅಂತೀರಿ. ತಗೊಂಡೋರಿಗೂ ಗೊತ್ತಿಲ್ಲ ಅಂತೀರಿ. ನಾನು ಮಾಲೀಕರ ಮುಂದೆ ಗೆರಟೆ ತೋರಿಸ್ಲಾ?” ಆಮೇಲೆ, ನನಗೆ ನೋವಾಯಿತೆಂದು ತಿಳಿದೋ ಏನೋ, ಮೆತ್ತಗೆ ಹೇಳಿದರು: “ಅಂಗಡಿ ಅಂದ್ರೆ ಹೊರಗಿಂದ ನೋಡಿದ್ರೆ ಅಂಗಡಿ ಅಂತ ಕಾಣಬೇಕು. ಆಕೆ ಒಂದು ಬೋರ್ಡು ಹಾಕ್ಲಿ. ಇನ್ನೊಂದು ವಾರ ಎಣಿಸೋಣ. ಅಲ್ಲಿಗೆ ಹೋದೋರನ್ನೆಲ್ಲ ನಾನೇ ಲೆಕ್ಕಕ್ಕೆ ತಗೋತೀನಿ. ಮಾತು ಕೊಡ್ತೀನಿ.”

ಮಾತು ತಪ್ಪುವವರಲ್ಲ ಅವರು. ಬೋರ್ಡು ಅಲ್ಲಿ ನಡೆಯುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಅದು ಮನೆ, ಮನೆಯಾದ್ದರಿಂದಲೇ ಬರುತ್ತಾರೆ ಎಂದೆ. ಹಾಗಾದರೆ ಅಂಗಡಿ ಅಲ್ಲ ಎಂದು ನೀವೇ ಒಪ್ಪಿದ ಹಾಗಾಯಿತು ಎಂದು ಅವರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮರುದಿನ ನನ್ನನ್ನು ಮೂಡುಬಿದಿರೆಯ ಶಾಖೆಗೆ ಕಳಿಸಿದರು. ಒಬ್ಬರೇ ಎಣಿಸಿದರೆ ಪಕ್ಷಪಾತ ಬರುತ್ತದೆ ಎಂಬುದು ಅವರ ನಿಯಮ. ಬಂಟ್ವಾಳಕ್ಕೆ ಬೇರೆಯವರನ್ನು, ಅದೇ ಹಳೆಯ ಪ್ರಶ್ನೆ ಕೊಟ್ಟು, ನೇಮಿಸಿದರು.

ಆ ವಾರ ನಡೆದದ್ದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಕಲ್ಯಾಣಿಯಕ್ಕ ಆಮೇಲೆ ಹೇಳಿದ್ದು. ರಾಯರು ತಾವೇ ಓಣಿಗೆ ಬಂದು, ಜಗಲಿಯ ಕೆಳಗೆ ನಿಂತು, ಕೈಮುಗಿದು ಮಾತಾಡಿದರಂತೆ. ಬೋರ್ಡು ಹಾಕಿದರೆ ನಿಮ್ಮನ್ನು ಲೆಕ್ಕಕ್ಕೆ ಸೇರಿಸುತ್ತೇವೆ, ಸ್ಟೋರು ಇಲ್ಲಿ ಉಳಿಯುವುದಕ್ಕೆ ಅದು ಸಹಾಯವಾಗುತ್ತದೆ ಎಂದರಂತೆ. ಅಷ್ಟು ದೊಡ್ಡ ಮನುಷ್ಯ ಕೈಮುಗಿದು ಹೇಳಿದ ಮೇಲೆ ಬೇಡವೆನ್ನುವುದು ಹೇಗೆ? ಹಲಸಿನ ಹಲಗೆಯೊಂದು ಮನೆಯಲ್ಲಿತ್ತು. ಏನೆಂದು ಬರೆಯುವುದು ಎಂಬುದು ಅವರಿಗೆ ತಿಳಿಯಲಿಲ್ಲ. ತಿನ್ನುವುದಕ್ಕೆ ಕೊಡುವಲ್ಲಿ ಏನೆಂದು ಬರೆದಿರುತ್ತದೋ ಅದನ್ನೇ ಸುಮತಿ ಬರೆದಳು. ಅವಳ ಅಕ್ಷರದಲ್ಲಿ ‘ಕಲ್ಯಾಣಿ ಹೋಟೆಲ್’ ಎಂಬ ಬೋರ್ಡು ಜಗಲಿಯ ಕಂಬಕ್ಕೆ ಏರಿತು.

ನಮ್ಮ ಹುಡುಗಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಕಾಲ ಬದಲಾಗುತ್ತಿರುವುದರಿಂದ ಬರೆದಿಡುತ್ತೇನೆ. ಮರ್ಯಾದಸ್ಥರ ಮನೆಯ ಹೆಂಗಸರು ಆಗ ಹೋಟೆಲಿಗೆ ಹೋಗುತ್ತಿರಲಿಲ್ಲ. ಹೋಟೆಲಿನಲ್ಲಿ ಕೂತಿದ್ದಳಂತೆ ಎಂಬ ಒಂದು ಮಾತು ಊರು ತಲುಪಿದರೆ ಸಾಕು, ಮುಂದಿನ ಸಲ ಅವಳನ್ನು ಪೇಟೆಗೆ ಕಳಿಸುತ್ತಿರಲಿಲ್ಲ.

ಸೋಮವಾರದ ಮೊದಲ ಬಸ್ಸಿನಿಂದ ಇಳಿದವರು ಓಣಿಗೆ ಬಂದರು, ಬೋರ್ಡು ನೋಡಿದರು. ಓದು ಬರುವವಳೊಬ್ಬಳು ಓದಿದಳು, ಬಾರದವರಿಗೆ ಹೇಳಿದಳು. ಸೆರಗನ್ನು ತಲೆಗೆ ಎಳೆದುಕೊಂಡು ಮುಂದೆ ಹೋದರು. ಕಲ್ಯಾಣಿಯಕ್ಕ ಜಗಲಿಯಿಂದ, ಬನ್ನಿ, ನಾನೇ ಅಲ್ಲವಾ, ಎಂದು ಕರೆದರಂತೆ. ಗುರುವಾಯನಕೆರೆಯಿಂದ ಮೊದಲಿನಿಂದಲೂ ಬರುತ್ತಿದ್ದ ಒಬ್ಬಾಕೆ ಮಾತ್ರ ಹಿಂದೆ ತಿರುಗಿ, “ನೀವೇ ಹೌದಕ್ಕ. ಆದರೆ ನಮ್ಮ ಮನೆಯವರು ಬೋರ್ಡು ಓದ್ತಾರೆ,” ಎಂದು ಹೋದಳಂತೆ.

ಅವರು ಸ್ಟೋರಿನ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತರು. ಜಗಲಿಗೆ ಗಂಡಸರು ಬಂದರು. ಬಸ್ಸಿನವರು, ಮೂಟೆ ಹೊರುವವರು ಚಾ ಇಲ್ಲವಾ, ಗೋಲಿಬಜೆ ಇಲ್ಲವಾ ಎಂದು ಕೇಳಿದರು; ಇಲ್ಲವೆಂದದ್ದಕ್ಕೆ ಇದೆಂತಹ ಹೋಟೆಲು ಎಂದು ತಮಾಷೆ ಮಾಡಿ ಬೀಡಿ ಸೇದಿ ಎದ್ದು ಹೋದರು. ಮೂರನೆಯ ದಿನ ಕಲ್ಯಾಣಿಯಕ್ಕ ಬೋರ್ಡನ್ನು ಕಿತ್ತರು. ಆದರೆ ಕಿತ್ತರೂ ಅದು ಒಮ್ಮೆ ಹೋಟೆಲಾಗಿದ್ದ ಮನೆ. ಗಂಡಸರು ಕೂತಿದ್ದ ಜಗಲಿ.

ವಾರ ಮುಗಿದಾಗ ಲೆಕ್ಕ ಸ್ಪಷ್ಟವಾಗಿತ್ತು: ಸ್ಟೋರಿಗೆ ಬರುವ ಹೆಂಗಸರು ಆ ಹೋಟೆಲಿಗೆ ಹೋಗುವುದಿಲ್ಲ, ಬೇರೆ ಅಂಗಡಿಗಳಲ್ಲಿಯೂ ಖರ್ಚು ಮಾಡುವುದು ಕಡಿಮೆ. ಯಾರೂ ಸುಳ್ಳು ಬರೆದಿರಲಿಲ್ಲ. ರಾಯರು ಕೊಟ್ಟ ಮಾತನ್ನು ಅಕ್ಷರಶಃ ನಡೆಸಿದ್ದರು. ನಾನು ಮೂಡುಬಿದಿರೆಯಿಂದ ಬಂದು, ಬೋರ್ಡು ಹಾಕುವ ಮೊದಲಿನ ಉತ್ತರಗಳನ್ನು ಜೊತೆಗಿಟ್ಟು ನೋಡಿ ಎಂದು ಎರಡು ಸಲ ಕೇಳಿಕೊಂಡೆ. ಪ್ರಶ್ನೆ ಬೇರೆಯಾದರೆ ಹೋಲಿಸಲು ಬರುವುದಿಲ್ಲ ಎಂದರು. ಶಾಸ್ತ್ರದ ಪ್ರಕಾರ ಅದು ಸರಿ. ನನಗೂ ಕಾಲೇಜಿನಲ್ಲಿ ಹಾಗೆಯೇ ಕಲಿಸಿದ್ದರು. ಮಾಲಕರಲ್ಲಿ ಪೇಟೆಯವರಿಬ್ಬರನ್ನು ಮನೆಗೇ ಹೋಗಿ ಕಂಡೆ. ಒಬ್ಬರು ಕಾಫಿ ಕೊಟ್ಟು, ಲೆಕ್ಕ ಬಂದ ಮೇಲೆ ನಾವು ಮಾತಾಡುವ ಹಾಗಿಲ್ಲ ಎಂದರು. ಇನ್ನೊಬ್ಬರು ಮನೆಯಲ್ಲಿಲ್ಲ ಎಂದು ಒಳಗಿನಿಂದ ಹೇಳಿಸಿದರು.

ಮಳೆಗಾಲ ಕಳೆದ ಮೇಲೆ ಸ್ಟೋರು ಜೋಡುಮಾರ್ಗಕ್ಕೆ ಹೋಯಿತು.

ನಾನೂ ಅದರ ಹಿಂದೆ ಹೋದೆ. ಹೊಸ ಕಟ್ಟಡ, ಎತ್ತರದ ಬಾಗಿಲು, ಎದುರಿಗೆ ರಸ್ತೆ. ಅಲ್ಲಿ ನಿಂತು ಕೇಳಿದೆ, “ಎಲ್ಲಿ ಕೂತು ಬಂದಿರಿ?” ಹೆಂಗಸರು ಸುತ್ತ ನೋಡುತ್ತಿದ್ದರು. “ಎಲ್ಲಿ ಕೂರುವುದು ಟೀಚರೆ, ಲಾರಿಯ ಅಡಿಗಾ?” ಎಂದಳು ವಿಟ್ಲದ ಆ ಹೆಂಗಸು. ಅಳುತ್ತಿದ್ದ ಮಗುವಿಗೆ ಅವಳು ರಸ್ತೆಗೆ ಬೆನ್ನು ಹಾಕಿ, ನಿಂತೇ ಹಾಲು ಕುಡಿಸುತ್ತಿದ್ದಳು. ಆಮೇಲಿನ ವರ್ಷಗಳಲ್ಲಿ ಅವಳನ್ನು ನಾನು ನೋಡಲಿಲ್ಲ. ಅವಳ ಗಂಡ ಬರುತ್ತಿದ್ದ. ಕ್ರಮೇಣ ಗಂಡಸರೇ ಹೆಚ್ಚಾದರು. ಬಟ್ಟೆಯ, ಪಾತ್ರೆಯ ಮಾರಾಟ ಇಳಿಯಿತು. ಯಾಕೆಂದು ತಿಳಿಯಲು ಮಾಲಕರು ಇನ್ನೊಂದು ವಿಚಾರಣೆ ಮಾಡಿಸಿದರು. ಕೂರಲು ಜಾಗವಿಲ್ಲ ಎಂದು ನಾನು ವರದಿಯಲ್ಲಿ ಬರೆದೆ. ಬಾಗಿಲ ಬಳಿ ಒಂದು ಬೆಂಚು ಹಾಕಿಸಿದರು. ಲಾರಿಯವರು ಅದರಲ್ಲಿ ಮಲಗಿದರು.

ರಾಯರು ವರ್ಗವಾಗಿ ಹೋಗುವಾಗ ನನ್ನ ಕೆಲಸವನ್ನು ಹೊಗಳಿ ನಾಲ್ಕು ಮಾತು ಬರೆದುಕೊಟ್ಟರು. ಈಗಲೂ ನನ್ನಲ್ಲಿ ಅದು ಇದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡುವುದಕ್ಕೆ ಒಬ್ಬ ಮನುಷ್ಯ ಸಿಕ್ಕಿದ್ದರೆ ಇದನ್ನು ಹೊತ್ತುಕೊಳ್ಳುವುದು ಸುಲಭವಾಗುತ್ತಿತ್ತು. ಆಮೇಲೆ ವಿಭಾಗಕ್ಕೆ ಕೆಲಸ ಉಳಿಯಲಿಲ್ಲ. ಪ್ರಶ್ನೆ ಕೇಳಿ ತಿಳಿದುಕೊಂಡದ್ದರಿಂದ ಯಾರಿಗಾದರೂ ಒಂದು ದಿನ ಉಪಕಾರವಾಗುತ್ತದೆ ಎಂಬ ನಂಬಿಕೆ ನನ್ನಲ್ಲಿ ಅದಕ್ಕಿಂತ ಮೊದಲೇ ಮುಗಿದಿತ್ತು.

ಕೊನೆಯ ಸಂಬಳ ತೆಗೆದುಕೊಂಡ ದಿನ ಪೇಟೆಗೆ ಹೋದೆ. ಬಳೆಗಾರರ ಬಾಗಿಲು ಮುಚ್ಚಿತ್ತು. ಬಾಬಣ್ಣ ಬೊಂಬಾಯಿಗೆ ಹೋಗಿದ್ದರು. ಕಲ್ಯಾಣಿಯಕ್ಕ ಅದೇ ಮನೆಯಲ್ಲಿದ್ದರು. ಜಗಲಿಯ ಒಂದು ಬದಿಯಲ್ಲಿ ಬೀಡಿಯ ಎಲೆಗಳನ್ನು ಹರಡಿದ್ದರು, ಇನ್ನೊಂದು ಬದಿಯಲ್ಲಿ ತಾಯಿ ಮಗಳು ಬಿದಿರಿನ ಗೆರಸೆಗಳನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಸುಮತಿ ಕತ್ತೆತ್ತಿ ನಕ್ಕು ಮತ್ತೆ ತಗ್ಗಿಸಿದಳು. ಅವಳ ಬೆರಳುಗಳು ತಾಯಿಯ ಬೆರಳುಗಳಿಗಿಂತ ಚುರುಕಾಗಿದ್ದವು. ಶಾಲೆಯ ವಿಷಯ ನಾನು ಕೇಳಲಿಲ್ಲ.

“ಕೂತುಕೊಳ್ಳಿ ಟೀಚರೆ,” ಎಂದು ಕಲ್ಯಾಣಿಯಕ್ಕ ಒಂದು ಹಲಗೆಯನ್ನು ಕಾಲಿನಿಂದ ನನ್ನ ಕಡೆಗೆ ನೂಕಿದರು. ಹಲಸಿನ ಹಲಗೆ. ಕವಚಿ ಹಾಕಿದ್ದರಿಂದ ಅಕ್ಷರ ಕಾಣುತ್ತಿರಲಿಲ್ಲ. ಅದರ ಮೇಲೆ ಕೂತೆ.

ಏನು ಮಾತಾಡಿದೆವೆಂದು ನೆನಪಿಲ್ಲ. ಅಷ್ಟರಲ್ಲಿ ಬಸ್ಸೊಂದು ನಿಂತು ಹೊರಟ ಶಬ್ದ ಕೇಳಿಸಿತು. ಎಳೆಯ ಹೆಂಗಸೊಬ್ಬಳು, ಸೊಂಟದಲ್ಲಿ ಮಗು, ಕೈಯಲ್ಲಿ ಖಾಲಿ ಚೀಲ, ಓಣಿಯಲ್ಲಿ ಬಂದಳು. ತಪ್ಪು ಜಾಗದಲ್ಲಿ ಇಳಿದಿದ್ದಳು. ಸ್ಟೋರು ಎಲ್ಲಿ ಎಂದು ಕೇಳಿದಳು. ಅದು ಜೋಡುಮಾರ್ಗದಲ್ಲಿ, ಇನ್ನೂ ದೂರ ಉಂಟು ಎಂದು ಸುಮತಿ ಹೇಳಿದಳು.

“ಮಗುವಿಗೆ ಬಿಸಿಲು. ಸ್ವಲ್ಪ ಕೂತು ಹೋಗಿ,” ಎಂದರು ಕಲ್ಯಾಣಿಯಕ್ಕ. ಕೈ ಬೀಡಿ ಕಟ್ಟುತ್ತಲೇ ಇತ್ತು.

ಆಕೆ ಜಗಲಿಯನ್ನು ನೋಡಿದಳು. ಕೂರುವಷ್ಟು ಜಾಗ ಅಲ್ಲಿ ಇರಲಿಲ್ಲ. ಹೊಗೆಸೊಪ್ಪಿನ ಘಾಟಿಗೆ ಮಗು ಸೀನಿತು. “ಬೇಡಕ್ಕ, ಬಸ್ಸು ತಪ್ಪುತ್ತದೆ,” ಎಂದು ಬಂದ ದಾರಿಯಲ್ಲಿ ಹೊರಟುಹೋದಳು.

ಕಲ್ಯಾಣಿಯಕ್ಕ ಕಟ್ಟಿದ ಬೀಡಿಯನ್ನು ಗೆರಸೆಗೆ ಹಾಕಿ, ಇನ್ನೊಂದು ಎಲೆ ತೆಗೆದುಕೊಂಡರು.

“ನೋಡಿ,” ಎಂದರು, “‘ಕೂತು ಹೋಗಿ’ ಅಂತ ಬಾಯಿಗೆ ಇನ್ನೂ ಬರ್ತದೆ.”